ಮೋದಿ ಆಸ್ಪತ್ರೆಯ ಆ ಮೋದಿ ಯಾರು?

ಬಸವೇಶ್ವರನಗರ ದಾಟಿ ಮಹಾಲಕ್ಷ್ಮಿಪುರದ ಕಡೆಗೆ ಹೋದರೆ ಮೋದಿ ಆಸ್ಪತ್ರೆ ಅನ್ನುವ ಬಸ್ ಸ್ಟಾಪ್ ಸಿಗುತ್ತದೆ. ನಮ್ಮ ಗೋವಿಂದರಾಜನಗರದಿಂದ ದೂರವೇನಲ್ಲ. ನಮ್ಮ ಕ್ಲಾಸಿನಲ್ಲಿ ಹಲವರು ಅದು ಪ್ರಧಾನಿಯವರ ಹೆಸರಿನಲ್ಲಿ ಕಟ್ಟಿದ್ದು ಅಂದುಕೊಂಡಿದ್ದಾರೆ. ಅಲ್ಲ. ಆ ಹೆಸರು ಡಾ. ಎಂ.ಸಿ. ಮೋದಿಯವರದು, ಉತ್ತರ ಕರ್ನಾಟಕದ ಒಬ್ಬ ಕಣ್ಣಿನ ಡಾಕ್ಟರದು.

ಪೂರ್ತಿ ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ. 1916ರ ಅಕ್ಟೋಬರ್ 4ರಂದು ಬೀಳಗಿಯಲ್ಲಿ ಹುಟ್ಟಿದರು. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ, ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಕಾಲದಲ್ಲಿ ಹಳ್ಳಿಯಲ್ಲಿ ವಯಸ್ಸಾದವರ ಕಣ್ಣಿಗೆ ಪೊರೆ ಬಂದರೆ ಅದು ಹಣೆಬರಹ ಅಂತ ಸುಮ್ಮನಿದ್ದುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಇದನ್ನು ಮೋತಿಯಾ ಅಂತಾರೆ. ಕಣ್ಣಿನೊಳಗೆ ಇರುವ ಮಸೂರ ಬೆಳ್ಳಗಾಗಿ ಬೆಳಕನ್ನು ತಡೆಯುತ್ತದೆ, ಅಷ್ಟೇ ಕಾಯಿಲೆ. ಅದನ್ನು ತೆಗೆದರೆ ಬೆಳಕು ಒಳಗೆ ಹೋಗುತ್ತದೆ. ಆದರೆ ತೆಗೆಯುವ ಡಾಕ್ಟರ್ ಪಟ್ಟಣದಲ್ಲಿ, ಕುರುಡರಾದವರು ಹಳ್ಳಿಯಲ್ಲಿ. ಕೂಲಿ ಬಿಟ್ಟು ಅವರನ್ನು ಕೈಹಿಡಿದು ಕರೆದುಕೊಂಡು ಹೋಗುವವರು ಯಾರು?

ಮೋದಿಯವರು ಮಾಡಿದ್ದು ಇಷ್ಟು: ರೋಗಿ ಡಾಕ್ಟರ ಹತ್ತಿರ ಬರುವುದನ್ನು ಕಾಯದೆ ಡಾಕ್ಟರೇ ಊರಿಗೆ ಹೋಗುವುದು. 1943ರಿಂದ ಅವರು ಸಾಮೂಹಿಕ ಕಣ್ಣಿನ ಆಪರೇಷನ್ ಶುರು ಮಾಡಿದರು. ದೇಶದ ಸರ್ಕಾರ ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ತಂದದ್ದು 1976ರಲ್ಲಿ. ಅಂದರೆ ಇವರು 33 ವರ್ಷ ಮುಂದೆ. ಒಬ್ಬೊಬ್ಬರನ್ನೇ ಕರೆದು, ಮಲಗಿಸಿ, ಮುಗಿಸಿ, ಮತ್ತೊಬ್ಬರನ್ನು ಕರೆಯುವುದಲ್ಲ. ಜನರನ್ನು ಸಾಲಾಗಿ ಸಿದ್ಧ ಮಾಡುವವರು ಬೇರೆ, ಆಮೇಲೆ ಪಟ್ಟಿ ಕಟ್ಟುವವರು ಬೇರೆ, ಡಾಕ್ಟರ ಕೈಗೆ ಆಪರೇಷನ್ ಕೆಲಸ ಮಾತ್ರ. ಬಿಸಿನೆಸ್ ಸ್ಟಡೀಸ್‌ನಲ್ಲಿ ಕೆಲಸದ ವಿಭಜನೆ ಅಂತ ಓದುತ್ತೇವಲ್ಲ, ಅದೇ. ಪುಸ್ತಕದಲ್ಲಿ ಕಾರ್ಖಾನೆಯ ಉದಾಹರಣೆ ಕೊಡುತ್ತಾರೆ. ನನಗೆ ಕೇಳಿದರೆ ಇದನ್ನೇ ಕೊಡಬಹುದು.

ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಅವರ ಲೆಕ್ಕ ಹೀಗಿದೆ. 1993ರ ಫೆಬ್ರುವರಿವರೆಗೆ 6,10,564 ಆಪರೇಷನ್, 46,120 ಹಳ್ಳಿ, 1,21,18,630 ರೋಗಿಗಳು. ಒಂದೇ ದಿನದಲ್ಲಿ 833 ಪೊರೆ ಆಪರೇಷನ್. ನಾನು ಕಾಮರ್ಸ್ ವಿದ್ಯಾರ್ಥಿ, ಸಂಖ್ಯೆ ಕಂಡರೆ ಕ್ಯಾಲ್ಕುಲೇಟರ್ ತೆಗೆಯದೆ ಇರಲು ಆಗುವುದಿಲ್ಲ. 50 ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ 12,000 ದಾಟುತ್ತದೆ. ಭಾನುವಾರ, ಹಬ್ಬ ಏನೂ ಬಿಡದೆ ದಿನಕ್ಕೆ 33. ಆ 833ರ ದಿನ ಅವರು 14 ಗಂಟೆ ನಿಂತಿದ್ದರು ಅಂತ ಇಟ್ಟುಕೊಂಡರೂ 840 ನಿಮಿಷ, ಒಂದು ಕಣ್ಣಿಗೆ ಹೆಚ್ಚುಕಡಿಮೆ ಒಂದು ನಿಮಿಷ.

ಇದನ್ನು ಹೇಳಿದಾಗ ಸೈನ್ಸ್ ಓದುವ ನನ್ನ ಕಸಿನ್ ತಕ್ಷಣ ಆಕ್ಷೇಪ ಎತ್ತಿದಳು. ಅಷ್ಟು ಅವಸರದಲ್ಲಿ ಸೋಂಕು ಆಗುವುದಿಲ್ಲವೇ, ಆಮೇಲೆ ಅವರನ್ನು ನೋಡಿಕೊಳ್ಳುವವರು ಯಾರು ಅಂತ. ಪ್ರಶ್ನೆ ಸರಿಯಾದದ್ದೇ. ಇವತ್ತು ಶಿಬಿರದಲ್ಲಿ ಪರೀಕ್ಷೆ ಮಾತ್ರ ಮಾಡಿ, ಆಪರೇಷನ್‌ಗೆ ರೋಗಿಗಳನ್ನು ಗಾಡಿಯಲ್ಲಿ ಆಸ್ಪತ್ರೆಗೇ ಕರೆದುಕೊಂಡು ಹೋಗುವ ಕ್ರಮ ಬಂದಿರುವುದು ಇಂಥ ಭಯದಿಂದಲೇ. ಆದರೆ 1943ರ ಹಳ್ಳಿಯವನಿಗೆ ಎದುರಿಗಿದ್ದದ್ದು ಶಿಬಿರವೋ ಒಳ್ಳೆಯ ಆಸ್ಪತ್ರೆಯೋ ಅನ್ನುವ ಆಯ್ಕೆ ಅಲ್ಲ. ಶಿಬಿರವೋ ಕತ್ತಲೆಯೋ ಅನ್ನುವುದು. ನಾನು ಮೋದಿಯವರ ಪಕ್ಷ. ಕಸಿನ್ ಇನ್ನೂ ಒಪ್ಪಿಲ್ಲ.

ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಆ ಕಾಲದ ಆಪರೇಷನ್‌ನಲ್ಲಿ ಇನ್ನೊಂದು ತೊಂದರೆ ಇತ್ತು. ಪೊರೆ ಬಂದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು, ಅದರ ಜಾಗದಲ್ಲಿ ಬೇರೆ ಏನೂ ಇಡುತ್ತಿರಲಿಲ್ಲ. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುವವರೆಗೆ ದಿನಗಟ್ಟಲೆ ಅಲುಗಾಡದೆ ಮಲಗಬೇಕು. ಆಮೇಲೆ ಪ್ಲಸ್ 10ರ ಹತ್ತಿರದ ಪವರ್, ಅಂದರೆ ಸೋಡಾ ಬುಡ್ಡಿ ಕನ್ನಡಕ. ನಮ್ಮ ದಾದಿಯ ಅಮ್ಮ ಹರಿಹರದಲ್ಲಿದ್ದವರು, ಇಂಥದೇ ಒಂದು ಶಿಬಿರದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರಂತೆ. ಆ ಕನ್ನಡಕದಲ್ಲಿ ವಸ್ತುಗಳು ದೊಡ್ಡದಾಗಿ, ಹತ್ತಿರದಲ್ಲಿರುವ ಹಾಗೆ ಕಾಣುತ್ತವೆ. ಅವರು ಚಹಾ ಬಗ್ಗಿಸಿದರೆ ಅರ್ಧ ಕಪ್ಪಿನ ಆಚೆ ಬೀಳುತ್ತಿತ್ತಂತೆ. ಆದರೂ ಮಕ್ಕಳ ಮುಖ ಗುರುತು ಹಿಡಿಯುತ್ತಿದ್ದರು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಈಗ ಪೊರೆ ತೆಗೆದ ಜಾಗದಲ್ಲೇ ಕೃತಕ ಮಸೂರ ಇಟ್ಟುಬಿಡುತ್ತಾರೆ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ.

ಕಾರ್ಡ್ ರೋಡಿನ ಉದ್ದಕ್ಕೂ ಈಗ ಲೇಸರ್‌ನಿಂದ ಕನ್ನಡಕ ಬಿಡಿಸುವ ಬೋರ್ಡುಗಳಿವೆ. ಇದು ಪೊರೆ ಆಪರೇಷನ್ ಅಲ್ಲ, ಇಬ್ಬರೂ ಗೊಂದಲ ಮಾಡಿಕೊಳ್ಳುತ್ತಾರೆ, ದೊಡ್ಡವರೂ ನಾವೂ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಕಾರ್ನಿಯಾ, ಮಧ್ಯದಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪ. ಲೇಸಿಕ್‌ನಲ್ಲಿ ಅದರ ಮೇಲೆ ತೆಳುವಾದ ಮುಚ್ಚಳ ಎತ್ತಿ, ಎಕ್ಸೈಮರ್ ಲೇಸರ್‌ನಿಂದ ಒಳಭಾಗವನ್ನು ಅಳತೆಗೆ ತಕ್ಕಂತೆ ಸವೆಸಿ, ಮುಚ್ಚಳ ವಾಪಸ್ ಮುಚ್ಚುತ್ತಾರೆ. ಸ್ಮೈಲ್ ಅನ್ನುವ ಹೊಸ ವಿಧಾನದಲ್ಲಿ ಮುಚ್ಚಳವೂ ಇಲ್ಲ, ಲೇಸರ್ ಒಳಗೇ ಒಂದು ಸಣ್ಣ ಬಿಲ್ಲೆ ಕತ್ತರಿಸುತ್ತದೆ, ಅದನ್ನು ಚಿಕ್ಕ ಸೀಳಿನಿಂದ ಹೊರಗೆ ಎಳೆಯುತ್ತಾರೆ. 18 ತುಂಬಿರಬೇಕು, ನಂಬರ್ ಒಂದು ವರ್ಷದಿಂದ ಬದಲಾಗದೆ ಇರಬೇಕು, ಕಾರ್ನಿಯಾ ತೀರ ತೆಳುವಾಗಿದ್ದರೆ ಮಾಡುವುದಿಲ್ಲ. ಆಪರೇಷನ್ ಆದ ಮೇಲೆ ಕೆಲವು ದಿನ ಕಣ್ಣಿಗೆ ನೀರು ತಾಗಿಸಬಾರದು. ವುಜೂ ಹೇಗೆ ಅನ್ನುವುದನ್ನು ಡಾಕ್ಟರನ್ನೂ ಮೌಲಾನಾರನ್ನೂ ಮೊದಲೇ ಕೇಳಿಕೊಂಡರೆ ಒಳ್ಳೆಯದು.

ನನ್ನದು ಮೈನಸ್ ನಾಲ್ಕು. ಮದುವೆ ಮನೆಗಳಲ್ಲಿ ಚಾಚಿಯರು ಕನ್ನಡಕ ತೆಗೆಸಿಬಿಡು ಅನ್ನುತ್ತಲೇ ಇರುತ್ತಾರೆ. ಅಬ್ಬಾ ವಿಚಾರಿಸಿದರು, ಎರಡು ಕಣ್ಣಿಗೆ ಹೇಳಿದ ಮೊತ್ತ ನನ್ನ ಒಂದು ವರ್ಷದ ಫೀಸಿಗಿಂತ ಜಾಸ್ತಿ. ಕನ್ನಡಕ ಹಾಕಿದರೆ ನನಗೆ ಬೋರ್ಡ್ ಸರಿಯಾಗೇ ಕಾಣುತ್ತದೆ. ಅದೇ ಮನೆಯಲ್ಲಿ ದಾದಿಗೆ ಬಲಗಣ್ಣಿನಲ್ಲಿ ಪೊರೆ ಬೆಳೆದಿದೆ, ಯಾವ ಕನ್ನಡಕವೂ ಉಪಯೋಗಕ್ಕೆ ಬರುವುದಿಲ್ಲ. ಖರ್ಚು ಮಾಡುವುದಾದರೆ ಮೊದಲು ಯಾರಿಗೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ದಾದಿಗೆ ಹೆದರಿಕೆ. ಅವರಿಗೆ ನೆನಪಿರುವುದು ತಮ್ಮ ಅಮ್ಮ ಪಟ್ಟಿ ಕಟ್ಟಿಕೊಂಡು ಮಲಗಿದ್ದ ದಿನಗಳು, ಆ ದಪ್ಪ ಗಾಜು.

ಡಾ. ಮೋದಿಯವರು 2005ರ ನವೆಂಬರ್ 11ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. ನಾನು ಆಗ ಹುಟ್ಟಿರಲಿಲ್ಲ. ಈ ಲೇಖನಕ್ಕೆ ಬರೆದುಕೊಂಡ ಸಂಖ್ಯೆಗಳನ್ನು ದಾದಿಗೆ ನಮ್ಮ ಭಾಷೆಯಲ್ಲಿ ಓದಿ ಹೇಳಿದೆ. ಆರು ಲಕ್ಷ ಅಂದಾಗ ಅವರು ಎರಡು ಸಲ ಕೇಳಿದರು. ರಂಜಾನ್ ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದಾರೆ.