ಡಬ್ಬಕ್ಕೆ ಬೀಗ ಹಾಕಿಸಿದ ಕಾದಂಬರಿಕಾರ

ಕಳೆದ ಮಳೆಗಾಲದಲ್ಲಿ ಶಿರಸಿ ಕಡೆಯ ನಮ್ಮೂರಿನಿಂದ ಅಪ್ಪನ ಫೋನು ಬಂತು. ನಮ್ಮ ಮನೆ ಡಾಂಬರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಅಡಿಕೆ ತೋಟದ ತಲೆಯ ಮೇಲಿದೆ. ಪೇಪರು, ಟಪಾಲು ಎಲ್ಲ ರಸ್ತೆ ಬದಿಯ ಹಲಸಿನ ಮರಕ್ಕೆ ಅಪ್ಪ ಹೊಡೆದಿಟ್ಟ ಹಲಗೆ ಡಬ್ಬದಲ್ಲಿ ಬೀಳುತ್ತವೆ. ಅದಕ್ಕೆ ನೀರು ಇಳಿದು ಬ್ಯಾಂಕಿನ ಕಾಗದವೊಂದು ಮುದ್ದೆಯಾಗಿತ್ತು. ಇನ್ನೊಂದು ಬಂದೇ ಇಲ್ಲವೋ, ಬಂದದ್ದನ್ನು ಯಾರಾದರೂ ಒಯ್ದರೋ ತಿಳಿಯದು. ಎಂಟೆಕ್ ಓದಿ ಮುಂಬಯಿಯಲ್ಲಿ ಕೂತ ಮಗ ಬೀಗ ಹಾಕುವಂಥ ಒಂದು ಡಬ್ಬ ಮಾಡಿಸಿಕೊಡಬಾರದೇ ಎಂಬುದು ಅಪ್ಪನ ಬೇಡಿಕೆ.

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಸಂಜೆ ಠಾಣೆ ಕಡೆಯ ಲೋಕಲ್‌ನಲ್ಲಿ ಸೀಟು ಸಿಕ್ಕಾಗ ಮೊಬೈಲಿನಲ್ಲೇ ಗೆರೆ ಎಳೆಯಲು ಶುರು ಮಾಡಿದರೆ ಒಂದೊಂದೇ ತೊಡಕು ಎದ್ದಿತು. ಪೋಸ್ಟ್‌ಮ್ಯಾನ್ ಕೀಲಿಕೈ ಇಲ್ಲದೆ ಕಾಗದ ಹಾಕುವಂತಿರಬೇಕು, ಆದರೆ ಅದೇ ಕಿಂಡಿಯಿಂದ ಯಾರೂ ಕೈಹಾಕಿ ತೆಗೆಯುವಂತಿರಬಾರದು. ಮಳೆ ಒಳಗೆ ಬರಬಾರದು. ಅಪ್ಪ ಕಳುಹಿಸುವ ಕಾಗದವನ್ನೂ ಅದರಲ್ಲೇ ಇಡಬೇಕೆಂದರೆ ಪೋಸ್ಟ್‌ಮ್ಯಾನ್ ಬಳಿಯೂ ಒಂದು ಕೀಲಿಕೈ ಬೇಕು, ಆಗ ಒಂದು ಡಬ್ಬಕ್ಕೆ ಎರಡು ಖಾನೆ, ಎರಡು ಬೀಗ. ಹಾಕಿದ ಕಾಗದವನ್ನು ಯಾವ ಹೊತ್ತಿಗೆ ಒಯ್ಯುತ್ತಾರೆ ಎಂಬುದು ಹಾಕಿದವರಿಗೆ ತಿಳಿಯುವುದು ಹೇಗೆ? ಇದನ್ನೆಲ್ಲ ಮೊದಲು ಯೋಚಿಸಿದವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಆಂಟನಿ ಟ್ರಾಲಪ್.

ಇಂಗ್ಲಿಷ್ ಎಂಎ ಮಾಡಿದವರಿಗೆ ಈ ಹೆಸರು ಹೊಸದಲ್ಲ. 47 ಕಾದಂಬರಿ ಬರೆದ ಮನುಷ್ಯ. ನನಗೆ ಹತ್ತಿರದವನಾಗಿ ಕಂಡದ್ದು ಮಾತ್ರ 33 ವರ್ಷ ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ದುಡಿದ ನೌಕರ ಟ್ರಾಲಪ್.

ಆತ ಹುಟ್ಟಿದ್ದು 1815ರ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ಅಪ್ಪ ವಕೀಲ, ಬುದ್ಧಿವಂತ, ಆದರೆ ಮುಂಗೋಪಿ. ಕಕ್ಷಿದಾರರು ಒಬ್ಬೊಬ್ಬರಾಗಿ ದೂರವಾದರು. ಬೇಸಾಯಕ್ಕೆ ಕೈಹಾಕಿ ಇದ್ದದ್ದನ್ನೂ ಕಳೆದುಕೊಂಡ. ಮಗ ಹ್ಯಾರೋ ಎಂಬ ಶ್ರೀಮಂತರ ಶಾಲೆಗೆ ಕೆಸರು ಮೆತ್ತಿದ ಬೂಟಿನಲ್ಲಿ ಮೈಲುಗಟ್ಟಲೆ ನಡೆದು ಹೋಗುತ್ತಿದ್ದ, ಸಹಪಾಠಿಗಳು ಹತ್ತಿರ ಸೇರಿಸುತ್ತಿರಲಿಲ್ಲ. ಮನೆ ಹಿಡಿದು ನಿಲ್ಲಿಸಿದವಳು ತಾಯಿ ಫ್ರಾನ್ಸಿಸ್. ಅಮೆರಿಕಕ್ಕೆ ಹೋಗಿ ವ್ಯಾಪಾರ ಮಾಡಿ ಸೋತು ಬಂದ ಆಕೆ, ಐವತ್ತು ದಾಟಿದ ಮೇಲೆ 1832ರಲ್ಲಿ ಅಮೆರಿಕನ್ನರ ರೀತಿನೀತಿಯ ಕುರಿತು ಪುಸ್ತಕ ಬರೆದು ಹೆಸರು, ಹಣ ಎರಡನ್ನೂ ಗಳಿಸಿದಳು. ಆದರೂ ಸಾಲ ತೀರಲಿಲ್ಲ, 1834ರಲ್ಲಿ ಕುಟುಂಬ ಬೆಲ್ಜಿಯಮ್ಮಿಗೆ ಓಡಿಹೋಯಿತು. ಅಲ್ಲಿ ಒಂದು ಕೋಣೆಯಲ್ಲಿ ಕ್ಷಯ ಹಿಡಿದ ಮಗನ ಆರೈಕೆ, ಇನ್ನೊಂದರಲ್ಲಿ ಕಾದಂಬರಿ. ಬೆಳಕು ಹರಿಯುವ ಮೊದಲೇ ಎದ್ದು ಬರೆಯುವ ಅಭ್ಯಾಸ ಟ್ರಾಲಪ್‌ಗೆ ಬಂದದ್ದು ಈ ತಾಯಿಯಿಂದ.

ಅದೇ ವರ್ಷ ಹತ್ತೊಂಬತ್ತರ ಹುಡುಗನಿಗೆ ಲಂಡನ್ನಿನ ಮುಖ್ಯ ಅಂಚೆ ಕಚೇರಿಯಲ್ಲಿ ವಸೀಲಿಯಿಂದ ಗುಮಾಸ್ತಿಕೆ ಸಿಕ್ಕಿತು. ಸಂಬಳ ವರ್ಷಕ್ಕೆ 90 ಪೌಂಡ್. ಪರೀಕ್ಷೆಯೆಂದರೆ ಪತ್ರಿಕೆಯ ನಾಲ್ಕು ಸಾಲು ನಕಲು ಮಾಡುವುದು. ಅದರಲ್ಲೂ ಮಸಿ ಚೆಲ್ಲಿ ಚಿತ್ತು ಮಾಡಿದ. ಮರುದಿನ ಅಂದವಾಗಿ ಬರೆದು ತಂದರೆ ಯಾರೂ ನೋಡಲೇ ಇಲ್ಲ! ಮುಂದಿನ ಏಳು ವರ್ಷ ತಡವಾಗಿ ಬರುವುದು, ಬೈಸಿಕೊಳ್ಳುವುದು, ಸಾಲ. ದರ್ಜಿಗೆ ಕೊಡಬೇಕಿದ್ದ 12 ಪೌಂಡ್ ಲೇವಾದೇವಿಯವನ ಕೈಸೇರಿ, ಕೊನೆಗೆ ತೆತ್ತದ್ದು 200 ಪೌಂಡಿಗೂ ಹೆಚ್ಚು. ಆ ಲೇವಾದೇವಿಯವನು ಕಚೇರಿಗೇ ಬಂದು ಕುರ್ಚಿಯ ಹಿಂದೆ ನಿಂತು ಬುದ್ಧಿ ಹೇಳಿ ಹೋಗುತ್ತಿದ್ದನಂತೆ. ಲೋನ್ ಆ್ಯಪ್‌ಗಳ ಫೋನು ಬರುವ ಸಹೋದ್ಯೋಗಿಗಳನ್ನು ಕಂಡಿರುವ ನನಗೆ ಈ ಚಿತ್ರ ತೀರಾ ಹಳೆಯದೆನಿಸಲಿಲ್ಲ.

1841ರಲ್ಲಿ ಐರ್ಲೆಂಡಿನಲ್ಲಿ ಯಾರಿಗೂ ಬೇಡವಾದ ಹುದ್ದೆಯೊಂದು ಖಾಲಿಯಾಯಿತು. ಈತ ಕೇಳಿದ, ಪೀಡೆ ತೊಲಗಿದರೆ ಸಾಕೆಂದು ಮೇಲಿನವರು ಕಳುಹಿಸಿದರು. ಶಾನನ್ ನದಿ ದಂಡೆಯ ಬ್ಯಾನಗರ್ ಎಂಬ ಸಣ್ಣ ಊರು. ಹಳ್ಳಿಯಿಂದ ಹಳ್ಳಿಗೆ ಕುದುರೆ ಮೇಲೆ ತಿರುಗಿ ಅಂಚೆ ಕಚೇರಿಗಳ ಲೆಕ್ಕ ತಪಾಸಣೆ ಮಾಡುವುದು, ಜನರ ದೂರು ಕೇಳುವುದು. ಲಂಡನ್ನಿನ ಸೋಮಾರಿ ಒಂದೇ ವರ್ಷದಲ್ಲಿ ಒಳ್ಳೆಯ ನೌಕರನೆನಿಸಿಕೊಂಡ. ಮದುವೆ ಅಲ್ಲೇ ಇದ್ದಾಗ 1844ರಲ್ಲಿ, ಮೊದಲ ಕಾದಂಬರಿ 1847ರಲ್ಲಿ.

ನನ್ನ ಡಬ್ಬಕ್ಕೆ ಸಂಬಂಧಪಟ್ಟ ಕಥೆ 1851ರಿಂದ. ಆ ವರ್ಷ ಇಂಗ್ಲೆಂಡಿನ ಪಶ್ಚಿಮ ಜಿಲ್ಲೆಗಳಲ್ಲಿ ಹಳ್ಳಿ ಟಪಾಲನ್ನು ಸರಿಪಡಿಸಲು ಆತನನ್ನು ಕರೆಸಿದರು. ಆಗ ಪಟ್ಟಣದಲ್ಲಿ ಪತ್ರ ಮನೆಗೆ ಬರುತ್ತಿತ್ತು. ಹಳ್ಳಿಯಲ್ಲಿ ಯಾರ ಪತ್ರ ಯಾರ ಮೂಲಕ ಬರುತ್ತದೆ ಎಂಬುದಕ್ಕೆ ನಿಯಮವೇ ಇರಲಿಲ್ಲ. ಕೆಲವೆಡೆ ಪತ್ರ ತಂದವನಿಗೆ ಮೇಲೊಂದು ಪೆನ್ನಿ ಕೊಡಬೇಕು. ದೊಡ್ಡ ಬಂಗಲೆಗೆ ಅಂಚೆಯವ ನಿತ್ಯ ಹೋಗುತ್ತಾನೆ, ಅದರ ಆಚೆಯ ಗುಡಿಸಲಿಗೆ ಹೋಗುವುದಿಲ್ಲ. ಟ್ರಾಲಪ್ ಎರಡು ವರ್ಷ ಕುದುರೆ ಮೇಲೆ ದಿನಕ್ಕೆ ನಲವತ್ತು ಮೈಲಿಯಂತೆ ಓಣಿ ಓಣಿ ಸುತ್ತಿದ. ಬೇಟೆಯ ಕೆಂಪು ಕೋಟು, ಬೂಟು ತೊಟ್ಟು ರೈತರ ಅಂಗಳದಲ್ಲಿ ಇಳಿದು, ನಿಮ್ಮ ಪತ್ರ ಯಾವಾಗ ಬರುತ್ತದೆ, ಯಾರು ತರುತ್ತಾರೆ, ಎಷ್ಟು ಕೀಳುತ್ತಾರೆ ಎಂದು ವಿಚಾರಿಸುತ್ತಿದ್ದ. ಜನ ಕಕ್ಕಾಬಿಕ್ಕಿ.

ಇಲಾಖೆಯ ಷರತ್ತು ಒಂದಿತ್ತು. ಹೊಸ ದಾರಿಗೆ ಅಂಚೆಯವನನ್ನು ನೇಮಿಸಬೇಕಾದರೆ ಆ ದಾರಿಯ ಪತ್ರಗಳಿಂದಲೇ ಅವನ ಸಂಬಳ ಹುಟ್ಟಬೇಕು. ದಿನಕ್ಕೆ ಹದಿನಾರು ಮೈಲಿ, ಅಂದರೆ ಸುಮಾರು 26 ಕಿಲೋಮೀಟರಿಗಿಂತ ಹೆಚ್ಚು ನಡೆಸುವಂತಿಲ್ಲ. ಪತ್ರಗಳನ್ನು ಎಣಿಸುವವರು ಆ ಕೆಲಸ ತಮಗೆ ಸಿಗಲೆಂದು ಬಯಸುವವರೇ ಆದ್ದರಿಂದ ಲೆಕ್ಕ ಕೊಂಚ ಉದಾರವಾಗಿರುತ್ತಿತ್ತು. ತಾನೂ ಆ ವಿಷಯದಲ್ಲಿ ಉದಾರಿಯೇ ಆಗಿದ್ದೆ ಎಂದು ಟ್ರಾಲಪ್ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಈ ಮನೆಯೂ ಸೇರಲಿ, ಆ ಮನೆಯೂ ಸೇರಲಿ ಎಂಬ ಆಸೆಯಲ್ಲಿ ಅಂಚೆಯವರನ್ನು ಬಲು ದೂರ ನಡೆಸಿದ್ದೂ ಉಂಟು, ಕೆಲವು ದಾರಿಗಳು ಆಮೇಲೆ ನಿಂತುಹೋದದ್ದೂ ಉಂಟು. ನಮ್ಮ ಮನೆಯ ಪಿನ್‌ಕೋಡ್ ಹಾಕಿದರೆ ಎಷ್ಟೋ ಕಂಪನಿಗಳ ಆ್ಯಪ್ ಈ ವಿಳಾಸಕ್ಕೆ ಸೇವೆ ಇಲ್ಲ ಎನ್ನುತ್ತದೆ. ಅಲ್ಲೂ ನನ್ನಂಥ ಯಾರೋ ಎಂಜಿನಿಯರ್ ಕೂತು ಇದೇ ಲೆಕ್ಕ ಹಾಕಿರುತ್ತಾನೆ, ಆದರೆ ಅವನು ಕುದುರೆ ಹತ್ತಿ ಬಂದು ನಮ್ಮ ಅಂಗಳದಲ್ಲಿ ಇಳಿದವನಲ್ಲ. ಟ್ರಾಲಪ್‌ನ ಆ ಸಣ್ಣ ಮೋಸ ನನಗಂತೂ ಇಷ್ಟವಾಯಿತು.

ಈ ತಿರುಗಾಟದಲ್ಲೇ ಆತ ಫ್ರಾನ್ಸಿನ ಕರಾವಳಿಗೆ ಹತ್ತಿರದ ಜರ್ಸಿ ದ್ವೀಪಕ್ಕೆ ಹೋದ. ಅಲ್ಲಿಗೆ ಟಪಾಲು ಹಡಗು ಬರುವುದು ಗಾಳಿ, ಉಬ್ಬರವಿಳಿತ ನೋಡಿಕೊಂಡು. ಪತ್ರ ಹಾಕಬೇಕೆಂದರೆ ಸೇಂಟ್ ಹೆಲಿಯರ್ ಪೇಟೆಯ ಒಂದೇ ಅಂಚೆ ಕಚೇರಿಗೆ ನಡೆಯಬೇಕು. 1840ರಲ್ಲಿ ಪೆನ್ನಿ ಅಂಚೆಚೀಟಿ ಬಂದಿತ್ತಲ್ಲ, ಚೀಟಿ ಅಂಟಿಸಿದ ಮೇಲೆ ಹಣ ಎಣಿಸಿಕೊಳ್ಳಲು ಗುಮಾಸ್ತ ಬೇಕಿಲ್ಲ. ಹಾಗಾದರೆ ಕಚೇರಿಯ ಕಿಂಡಿಯನ್ನೇ ಬೀದಿ ಮೂಲೆಗೆ ತಂದು ನಿಲ್ಲಿಸಬಾರದೇಕೆ? 1851ರ ನವೆಂಬರಿನಲ್ಲಿ ಮೇಲಧಿಕಾರಿಗೆ ಬರೆದ ವರದಿಯಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ ನಿಲ್ಲಿಸಲು ಆತ ಸೂಚಿಸಿದ. ಇಂಥದ್ದನ್ನು ಫ್ರಾನ್ಸಿನಲ್ಲಿ ಕಂಡಿದ್ದನಾದ್ದರಿಂದ ತನ್ನ ಸ್ವಂತ ಕಲ್ಪನೆಯೆಂದು ಹೇಳಿಕೊಳ್ಳಲಿಲ್ಲ. 1852ರ ನವೆಂಬರ್ 23ರಂದು ಸೇಂಟ್ ಹೆಲಿಯರ್‌ನಲ್ಲಿ ನಾಲ್ಕು ಪೆಟ್ಟಿಗೆಗಳು ಕೆಲಸ ಆರಂಭಿಸಿದವು. ಮರುವರ್ಷದ ಫೆಬ್ರವರಿಯಲ್ಲಿ ಪಕ್ಕದ ಗರ್ನ್ಸಿ ದ್ವೀಪಕ್ಕೂ ಬಂದವು. ಅವುಗಳಲ್ಲೊಂದು ಅಲ್ಲಿನ ಯೂನಿಯನ್ ಸ್ಟ್ರೀಟ್‌ನಲ್ಲಿ ಇಂದಿಗೂ ಪತ್ರ ತೆಗೆದುಕೊಳ್ಳುತ್ತಿದೆ. ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯಲ್ಲಿ ಬಾರ್ನ್ಸ್ ಕ್ರಾಸ್ ಎಂಬ ಹಳ್ಳಿ ಕೂಡುರಸ್ತೆಯಲ್ಲಿ ಅದೇ ದಶಕದ ಎಂಟು ಮೂಲೆಯ ಪೆಟ್ಟಿಗೆಯೊಂದು ಉಳಿದುಕೊಂಡಿದೆ. ಫೋಟೋದಲ್ಲಿ ಅದರ ಸುತ್ತ ಬೇಲಿ, ಹುಲ್ಲು ಬಿಟ್ಟರೆ ಏನೂ ಇಲ್ಲ. ನಮ್ಮ ಹಲಸಿನ ಮರದ ಬುಡವೇ ಸರಿ.

ಸಾಫ್ಟ್‌ವೇರಿನವರು ಮೆಸೇಜ್ ಕ್ಯೂ ಅನ್ನುವುದು ಇದನ್ನೇ. ಹಾಕುವವನು ಹಾಕಿ ಹೋಗುತ್ತಾನೆ, ತೆಗೆಯುವವನು ತನ್ನ ಹೊತ್ತಿಗೆ ಬಂದು ತೆಗೆಯುತ್ತಾನೆ, ಇಬ್ಬರೂ ಒಮ್ಮೆಗೇ ಅಲ್ಲಿರಬೇಕಾಗಿಲ್ಲ. ನಡುವೆ ನಂಬಿಕೆಗೆ ಒಂದು ಬೀಗ, ತೆಗೆಯುವ ಹೊತ್ತು ಬರೆದ ಒಂದು ತಗಡು. ನಮ್ಮೂರಿನ ಕೆಂಪು ಡಬ್ಬದ ಹೊಟ್ಟೆಯ ಮೇಲಿದ್ದ ಆ ಪುಟ್ಟ ತಗಡಿನ ಬೆಲೆ ಚಿಕ್ಕಂದಿನಲ್ಲಿ ತಿಳಿದಿರಲಿಲ್ಲ.

ಮುಂದಿನ ತಿದ್ದುಪಡಿಗಳನ್ನು ಬೇರೆಯವರು ಮಾಡಿದರು. ಮೊದಮೊದಲ ಕೆಲವು ಪೆಟ್ಟಿಗೆಗಳ ಕಿಂಡಿ ನೆಟ್ಟಗೆ ಉದ್ದಕ್ಕಿತ್ತು, 1859ರ ಮಾದರಿಯಲ್ಲಿ ಅಡ್ಡವಾಗಿ, ಮೇಲಿನ ಟೊಪ್ಪಿಯ ಅಂಚಿನ ಕೆಳಗೆ ಬಂತು. ಬಾಗಿಲು ತೆರೆದಾಗ ಪತ್ರಗಳು ರಸ್ತೆಗೆ ಸುರಿಯದಂತೆ ಒಳಗೊಂದು ತಂತಿಯ ಪಂಜರ ಕೂಡಿಸಿದರು. ಹಳ್ಳಿಗಳಿಗೆ ದೊಡ್ಡ ಕಂಬದ ಖರ್ಚು ಏಕೆಂದು 1857ರಿಂದ ಗೋಡೆಯಲ್ಲಿ ಹುದುಗಿಸುವ ಸಣ್ಣ ಪೆಟ್ಟಿಗೆಗಳು ಬಂದವು. ಹಸಿರು ಬಣ್ಣ ಬಳಿದಾಗ ಜನರ ಕಣ್ಣಿಗೇ ಬೀಳುತ್ತಿರಲಿಲ್ಲ, ಹಾಗಾಗಿ 1874ರಿಂದ ಕೆಂಪು.

ಹಳ್ಳಿ ಟಪಾಲಿನ ಓಡಾಟದ ನಡುವೆಯೇ 1852ರ ಒಂದು ಬೇಸಿಗೆಯ ಸಂಜೆ ಸಾಲಿಸ್‌ಬರಿ ಕೆಥೆಡ್ರಲ್ ಸುತ್ತ ಅಡ್ಡಾಡುವಾಗ ಆತನಿಗೆ ಹೆಸರು ತಂದ ಬಾರ್ಸೆಟ್‌ಶೈರ್ ಕಾದಂಬರಿಗಳ ಮೊದಲನೆಯದು ಹೊಳೆಯಿತು. ರೈಲಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಿದ್ದ, ಹೆಂಡತಿ ಶುದ್ಧಪ್ರತಿ ಮಾಡುತ್ತಿದ್ದಳು. ಬೆಳಗ್ಗೆ ಐದೂವರೆಗೆ ಬರೆಯಲು ಕೂರುವಂತೆ ಎಬ್ಬಿಸಲು ಆಳಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚು ಸಂಬಳ. ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ನಮ್ಮ ಮ್ಯಾನೇಜರುಗಳಿಗೆ ಇದು ತಿಳಿಯದಿರಲಿ.

1858ರಲ್ಲಿ ಇಲಾಖೆ ಆತನನ್ನು ಈಜಿಪ್ಟಿಗೆ ಕಳುಹಿಸಿತು. ಸುಯೆಜ್ ಕಾಲುವೆ ಇನ್ನೂ ಇಲ್ಲ. ಲಂಡನ್ನಿನಿಂದ ಮುಂಬಯಿಗೆ ಬರುವ ಟಪಾಲು ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ನೆಲದ ಮೇಲೆ ಸುಯೆಜ್ ತಲುಪಿ, ಅಲ್ಲಿ ಮತ್ತೆ ಹಡಗು ಹತ್ತಬೇಕು. ಹಳೆಯ ಒಪ್ಪಂದ ಒಂಟೆಗಳ ಕಾಲದ್ದು, ಈಗ ರೈಲು ದಾರಿ ಮುಗಿಯುತ್ತ ಬಂದಿತ್ತು. ಇಪ್ಪತ್ತನಾಲ್ಕು ಗಂಟೆ ಸಾಕೆಂದು ಟ್ರಾಲಪ್, ನಲವತ್ತೆಂಟು ಬೇಕೆಂದು ಈಜಿಪ್ಟಿನ ಅಧಿಕಾರಿ ನೂಬಾರ್ ಬೇ. ಕಾಫಿ, ಹುಕ್ಕಾ ನಡುವೆ ದಿನಗಟ್ಟಲೆ ಹಗ್ಗಜಗ್ಗಾಟ ನಡೆದು ಕೊನೆಗೆ ಟ್ರಾಲಪ್‌ನ ಹಟವೇ ಗೆದ್ದಿತು. ಅಲ್ಲೇ ಒಂದು ಕಾದಂಬರಿ ಮುಗಿಸಿ ಮರುದಿನವೇ ಇನ್ನೊಂದನ್ನು ಶುರು ಮಾಡಿದ. ಸಿಎಸ್‌ಎಂಟಿ ನಿಲ್ದಾಣದ ಪಕ್ಕದ ನಮ್ಮ ಜಿಪಿಒ ಕಟ್ಟಡ ಅದಕ್ಕಿಂತ ಎಷ್ಟೋ ಈಚಿನದು, 1913ರಲ್ಲಿ ಮುಗಿದದ್ದು. ಅದರ ಗುಮ್ಮಟಕ್ಕೆ ಸ್ಫೂರ್ತಿ ವಿಜಯಪುರದ ಗೋಳಗುಮ್ಮಟ ಎಂದು ಗೊತ್ತಾದ ಮೇಲೆ ಅದರ ಕೆಳಗೆ ನಿಂತಾಗ ಊರಿನ ವಾಸನೆ ಬರುತ್ತದೆ.

ಇಷ್ಟು ದುಡಿದವನಿಗೆ ಇಲಾಖೆ ಮೇಲಿನ ಕುರ್ಚಿ ಕೊಡಲಿಲ್ಲ. ಪೆನ್ನಿ ಅಂಚೆಯ ಜನಕ ರೋಲಂಡ್ ಹಿಲ್ ಜೊತೆ ಟ್ರಾಲಪ್‌ಗೆ ಎಣ್ಣೆ ಸೀಗೆಕಾಯಿ. ಹಿಲ್ ಹೋದ ಮೇಲೆ 1864ರಲ್ಲಿ ತೆರವಾದ ಜಾಗ ಸೇವೆಯಲ್ಲಿ ಕಿರಿಯನಾದ ಸ್ಕಡಮೋರ್ ಪಾಲಾಯಿತು. 1867ರಲ್ಲಿ ಪಿಂಚಣಿಯನ್ನೂ ಬಿಟ್ಟುಕೊಟ್ಟು ರಾಜೀನಾಮೆ ಕೊಟ್ಟ. ಮರುವರ್ಷ ಪಾರ್ಲಿಮೆಂಟಿಗೆ ನಿಂತು ಕೊನೆಯ ಸ್ಥಾನದಲ್ಲಿ ಸೋತ. 1882ರ ನವೆಂಬರಿನಲ್ಲಿ, ಹಾಸ್ಯ ಕಾದಂಬರಿಯೊಂದನ್ನು ಓದಿಸಿಕೊಂಡು ನಗುತ್ತಿದ್ದಾಗಲೇ ಪಾರ್ಶ್ವವಾಯು ಬಡಿಯಿತು. ಡಿಸೆಂಬರ್ 6ರಂದು ತೀರಿಕೊಂಡ. ಮುಂದಿನ ವರ್ಷ ಹೊರಬಂದ ಆತ್ಮಕಥೆಯಲ್ಲಿ ಪುಸ್ತಕಗಳಿಂದ ಬಂದ ಹಣವನ್ನು ಪೆನ್ನಿಯವರೆಗೂ ಲೆಕ್ಕ ಕೊಟ್ಟಿದ್ದ. ಸಾಹಿತಿಗಳ ಕಣ್ಣಲ್ಲಿ ಆತನ ಬೆಲೆ ಇಳಿಯಲು ಅದೂ ಒಂದು ಕಾರಣವಾಯಿತು.

ರಾಜೀನಾಮೆಯ ನಂತರ ಬಂದ ಒಂದು ಕಾದಂಬರಿಯಲ್ಲಿ ಮಿಸ್ ಸ್ಟ್ಯಾನ್‌ಬರಿ ಎಂಬ ಹಟಮಾರಿ ಮುದುಕಿಯಿದ್ದಾಳೆ. ಬೀದಿಯ ಕಬ್ಬಿಣದ ಡಬ್ಬಕ್ಕೆ ಹಾಕಿದ ಪತ್ರ ತಲುಪುತ್ತದೆಂದು ಆಕೆಗೆ ನಂಬಿಕೆಯಿಲ್ಲ. ಪತ್ರಗಳು ಅಂಚೆ ಕಚೇರಿಗೇ ಹೋಗಬೇಕು. ಆ ಡಬ್ಬಗಳನ್ನು ತರಿಸಿದವನೇ ಹೀಗೆ ಬರೆದ!

ನಮ್ಮ ಡಬ್ಬ ದೀಪಾವಳಿಗೆ ಸಿದ್ಧವಾಯಿತು. ಶಿರಸಿಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದು. ಇಳಿಜಾರು ಮಾಡು, ಅದರ ಅಂಚಿನ ಕೆಳಗೆ ಅಡ್ಡ ಕಿಂಡಿ, ಕಿಂಡಿಯ ಒಳಗೆ ಕೈ ತಡೆಯುವ ಓರೆ ತಗಡು, ಎರಡು ಖಾನೆ, ಎರಡು ಬೀಗ. ಬರುವ ಕಾಗದಗಳು ಈಗ ಒಣಗಿಯೇ ಇರುತ್ತವೆ. ಎರಡನೇ ಖಾನೆಯ ಕೀಲಿಕೈಯನ್ನು ಮಾತ್ರ ಪೋಸ್ಟ್‌ಮ್ಯಾನ್ ತೆಗೆದುಕೊಳ್ಳಲಿಲ್ಲ, ಅವರ ಗೊಂಚಲು ಈಗಾಗಲೇ ಭಾರವಾಗಿದೆಯಂತೆ. ಹಾಗಾಗಿ ಕಾಗದ ಕಳುಹಿಸುವುದಿದ್ದರೆ ಅಪ್ಪ ಈಗಲೂ ಅವರು ಬರುವ ಹೊತ್ತಿಗೆ ಛತ್ರಿ ಹಿಡಿದು ಹಲಸಿನ ಮರದ ಬುಡದಲ್ಲಿ ನಿಂತಿರುತ್ತಾರೆ.