ಪಂಡಿತಾ ರಮಾಬಾಯಿಯವರ ಧರ್ಮಸ್ವಾತಂತ್ರ್ಯ

ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಗಂಗಾಮೂಲದ ಅರಣ್ಯದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಜನಿಸಿದ ಪಂಡಿತಾ ರಮಾಬಾಯಿಯವರು 1883ರಲ್ಲಿ ಇಂಗ್ಲಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರೆಂಬುದು ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದಿರುವ ಸಂಗತಿಯೇ. ಆ ದೀಕ್ಷೆಯ ತರುವಾಯ ಅವರು ಕ್ರೈಸ್ತ ಧರ್ಮಾಧಿಕಾರಿಗಳೊಡನೆ ನಡೆಯಿಸಿದ ವಾದವು ಮಾತ್ರ ಅಷ್ಟಾಗಿ ತಿಳಿದಿಲ್ಲ. ನಮ್ಮ ಮನಸ್ಸಿಗೆ ಮತಾಂತರಕ್ಕಿಂತಲೂ ಆ ವಾದವೇ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸ್ತ್ರೀಯರಿಗೆ ಗೀರ್ವಾಣವಿದ್ಯೆಯನ್ನು ಕಲಿಸಬೇಕೆಂಬ ಹಟವನ್ನು ತೊಟ್ಟು, ಶಿಷ್ಟರ ವಿರೋಧವನ್ನು ಲೆಕ್ಕಿಸದೆ, ಪತ್ನಿಗೂ ಪುತ್ರಿಗೂ ಪಾಠ ಹೇಳಿದವರು. ತೀರ್ಥಯಾತ್ರೆಯಲ್ಲಿಯೇ ಸಂಸಾರವು ಸವೆಯಿತು. ದುರ್ಭಿಕ್ಷವು ತಾಯಿತಂದೆಗಳನ್ನು ನುಂಗಿತು. ಅಣ್ಣನೊಡನೆ ಕಾಲ್ನಡೆಯಿಂದ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದ ಈ ತರುಣಿಗೆ ಅಲ್ಲಿಯ ವಿದ್ವಾಂಸರು ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದನ್ನಿತ್ತರು. 1880ರಲ್ಲಿ ಅನ್ಯಜಾತಿಯ ವಂಗೀಯ ವಕೀಲರೊಬ್ಬರನ್ನು ವರಿಸಿದರು; 1882ರಲ್ಲಿ ಹಸುಗೂಸು ಮನೋರಮೆಯೊಡನೆ ವಿಧವೆಯಾದರು.

ಮರುವರ್ಷ ಇಂಗ್ಲಂಡಿಗೆ ಹೋಗಿ ವಾಂಟೇಜಿನ ಸನ್ಯಾಸಿನಿಯರ ಮಠದಲ್ಲಿ ಇಳಿದುಕೊಂಡರು. ಅಲ್ಲಿ ಅದೇ ಸಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಇನ್ನು ಈಕೆಯು ನಮ್ಮವಳೆಂದು ಆ ಮಠದವರು ಹಿಗ್ಗಿದ್ದರೆ ಅದು ಸಹಜವೇ. ಆದರೆ ಹಿಗ್ಗು ಬಹುಕಾಲ ಉಳಿಯಲಿಲ್ಲ. ತಾವು ದೀಕ್ಷೆಗೊಂಡುದು ಕ್ರಿಸ್ತನ ಹೆಸರಿನಲ್ಲಿಯೇ ಹೊರತು ಒಂದು ದೇಶದ ಒಂದು ಪಂಗಡದ ಹೆಸರಿನಲ್ಲಿ ಅಲ್ಲವೆಂದು ರಮಾಬಾಯಿಯವರು ಹಟಹಿಡಿದರು. ತ್ರೈಕ್ಯಾದಿ ಸಿದ್ಧಾಂತಗಳು ತಮ್ಮ ಬುದ್ಧಿಗೆ ಒಪ್ಪುವ ಪರ್ಯಂತ ಬಾಯಿಮಾತಿನಿಂದ ಒಪ್ಪಲಾರೆನೆಂದರು. ಮಾಂಸವನ್ನು ಮುಟ್ಟಲಿಲ್ಲ. ಲ್ಯಾಟಿನ್ ಅಕ್ಷರಗಳನ್ನು ಕೆತ್ತಿದ ಶಿಲುಬೆಯನ್ನು ಹಿಂದೀ ಸ್ತ್ರೀಯರು ಏಕೆ ಧರಿಸಬೇಕು, ಸಂಸ್ಕೃತಕ್ಕಿಂತ ಆ ಭಾಷೆಯಲ್ಲಿ ಏನು ಪಾವಿತ್ರ್ಯವಿದೆ ಎಂದು ಕೇಳಿದರು. ಚೆಲ್ಟೆನ್‌ಹ್ಯಾಮಿನಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ ಮುಂಬಯಿ, ಲಾಹೋರುಗಳ ಬಿಷಪ್ಪರು ಅದು ಹಿಂದೂಸ್ಥಾನದಲ್ಲಿ ಅಪವಾದಕ್ಕೆ ಎಡೆಯಾದೀತೆಂದು ಅಡ್ಡಿ ಮಾಡಿದರು. ಕಲ್ಕತ್ತೆಯಲ್ಲಿಯೂ ಪುಣೆಯಲ್ಲಿಯೂ ಪುರುಷರ ತುಂಬಿದ ಸಭೆಗಳಲ್ಲಿ ಪುರಾಣ ಹೇಳಿ ವ್ಯಾಖ್ಯಾನ ಮಾಡಿದ್ದ ಪಂಡಿತೆಗೆ ಇದು ಹೇಗೆ ಕಂಡಿರಬೇಕೆಂಬುದನ್ನು ನಾವು ಹೇಳಬೇಕಾಗಿಲ್ಲ! ಸ್ವದೇಶದ ಪುರೋಹಿತರ ನೊಗವನ್ನು ಬಹುಕಷ್ಟದಿಂದ ಕಿತ್ತೊಗೆದವರು ಪರದೇಶದ ಪುರೋಹಿತರ ನೊಗಕ್ಕೆ ಕೊರಳೊಡ್ಡಲಿಲ್ಲ. ಕ್ರಿಸ್ತನನ್ನು ಬಿಡಲಿಲ್ಲ, ಬಿಷಪ್ಪರಿಗೆ ಅಧೀನರಾಗಲಿಲ್ಲ.

1886ರಲ್ಲಿ ಅಮೆರಿಕೆಗೆ ಹೋಗಿ, ಅಲ್ಲಿಯ ಜನರ ಸಹಾಯದಿಂದ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಆ ವರ್ಷವೇ ಮುಂಬಯಿ ಕಾಂಗ್ರೆಸ್ಸಿನಲ್ಲಿ ಪ್ರತಿನಿಧಿಯಾಗಿ ಕುಳಿತರು. ಸದನವು ಪುಣೆಗೆ ಬಂದ ಮೇಲೆ, 1893ರಲ್ಲಿ, ಬಾಲಿಕೆಯರು ಅವರ ಪ್ರಾರ್ಥನೆಗೆ ಹೋಗುತ್ತಾರೆಂದು ಕೋಲಾಹಲವೆದ್ದಿತು. ಕೇಸರಿಯು ಕಟುವಾಗಿ ಖಂಡಿಸಿತು. ರಾನಡೆ, ಭಾಂಡಾರಕರರಂಥವರೂ ಸಲಹಾಮಂಡಲಿಯನ್ನು ಬಿಟ್ಟರು. ಮತಬೋಧೆಯಿಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಒಪ್ಪಿಸಿದ ಪೋಷಕರ ಆಕ್ಷೇಪಣೆಯು ನಿರಾಧಾರವೆಂದು ನಾವು ಹೇಳಲಾರೆವು. ಪ್ರಾರ್ಥನೆಗೆ ಯಾರನ್ನೂ ಕರೆಯದಿದ್ದರೂ, ಬಾಗಿಲನ್ನು ತೆರೆದಿಡುವುದೂ ಒಂದು ಬಗೆಯ ಕರೆಯೇ. ಆದರೆ ಅವರನ್ನು ಮಿಶನರಿಗಳ ಕೈಗೊಂಬೆಯೆಂದು ಜರೆದುದು ಅನ್ಯಾಯ. ಆ ಕೈಗಳನ್ನು ಅವರು ಅದಾಗಲೇ ಕೊಡವಿಕೊಂಡಿದ್ದರೆಂಬುದನ್ನು ವಿಚಾರಿಸುವ ತಾಳ್ಮೆ ನಮ್ಮ ವೃತ್ತಿಬಾಂಧವರಿಗೆ ಇರಲಿಲ್ಲ.

ಅವರ ನಿರ್ಭೀತಿಗೆ ಇನ್ನೊಂದು ಸಾಕ್ಷಿಯುಂಟು. 1897ರಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಸ್ತ್ರೀಯರನ್ನು ನಡೆಯಿಸಿಕೊಂಡ ರೀತಿಯನ್ನು ಪತ್ರಿಕಾಮುಖವಾಗಿ ಖಂಡಿಸಿ ಸರಕಾರದ ಕೋಪಕ್ಕೆ ಪಾತ್ರರಾದರು. ರಾಜರ ಮತವನ್ನು ಹಿಡಿದವರು ರಾಜನಿಷ್ಠರಾಗಿಯೇ ಇರುವರೆಂದು ಎಣಿಸಿದವರು ಇದನ್ನು ಗಮನಿಸಬೇಕಾಗಿತ್ತು.

ಕ್ಷಾಮಪೀಡಿತ ಪ್ರಾಂತಗಳಿಂದ ಅನಾಥ ಬಾಲಿಕೆಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿಯಲ್ಲಿ ಮುಕ್ತಿಸದನವನ್ನು ಕಟ್ಟಿದರು. ಅಲ್ಲಿ ಸಾವಿರಕ್ಕೆ ಮೇಲ್ಪಟ್ಟು ಜನರು ಆಶ್ರಯ ಪಡೆದರು. ನೇಯ್ಗೆ, ಬೇಸಾಯ, ಮುದ್ರಣಗಳನ್ನು ಕಲಿತರು. ನಿತ್ಯವೂ ಕ್ರೈಸ್ತ ಪ್ರಾರ್ಥನೆ ನಡೆಯುತ್ತಿದ್ದ ಆ ಸ್ಥಳವು ಯಾವ ಪಂಗಡದ ಆಡಳಿತಕ್ಕೂ ಸೇರಿರಲಿಲ್ಲ. ಕನ್ನಡ ಸೀಮೆಯ ಕಲಬುರ್ಗಿಯಲ್ಲಿಯೂ ಅವರೊಂದು ಶಾಲೆಯನ್ನು ತೆರೆದರು.

ಕಡೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕು ಭಾಷೆಗಳನ್ನು ಕಲಿತು ಬೈಬಲ್ಲನ್ನು ತಾವೇ ಮರಾಠಿಗೆ ತಿರುಗಿಸಿದರು. ಮಿಶನರಿಗಳ ಭಾಷಾಂತರವು ಅವರಿಗೆ ಸಮ್ಮತವಾಗಿರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿ, ದೊಡ್ಡ ಶಬ್ದಗಳಿಲ್ಲದೆ ಲೇಖನಿಯನ್ನೆತ್ತಲಾರದ ನಮ್ಮಂಥವರಿಗೆ ಇಲ್ಲೊಂದು ನಾಚಿಕೆಯಿದೆ. ಸರಸ್ವತಿಯೆಂಬ ಬಿರುದಾಂಕಿತೆಯು ಸಂಸ್ಕೃತಪದಗಳನ್ನು ಬುದ್ಧಿಪೂರ್ವಕವಾಗಿ ಬಿಟ್ಟು, ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತುಗಳನ್ನೇ ಆರಿಸಿದರು. ಮುಕ್ತಿಸದನದ ಸ್ತ್ರೀಯರೇ ಅಚ್ಚುಮೊಳೆಗಳನ್ನು ಜೋಡಿಸಿದರು. 1921ರಲ್ಲಿ ಮಗಳು ಮನೋರಮೆಯು ತೀರಿಕೊಂಡರೂ ಕೆಲಸವು ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿಧನ ಹೊಂದಿದರು. ಗ್ರಂಥವು ಸಂಪೂರ್ಣವಾಗಿ ಹೊರಬಿದ್ದುದು ಆ ಬಳಿಕ.