ಮುತ್ತು-ರತ್ನಗಳ ಪೇಢಿಯಲ್ಲಿ ಆತ್ಮಸಾಧನೆ: ಶ್ರೀಮದ್ ರಾಜಚಂದ್ರರು

ಶ್ರೀಮದ್ ರಾಜಚಂದ್ರರು 1867ರ ಕಾರ್ತಿಕ ಪೂರ್ಣಿಮೆಯಂದು ಸೌರಾಷ್ಟ್ರದ ಮೋರ್ಬಿ ಸಮೀಪದ ವವಾಣಿಯಾ ಗ್ರಾಮದಲ್ಲಿ ಜನಿಸಿದರು. ತಂದೆ ರವಜಿಭಾಯಿ, ತಾಯಿ ದೇವಬಾಯಿ. ತಂದೆಯ ಮನೆತನದಲ್ಲಿ ಕೃಷ್ಣಭಕ್ತಿಯಿತ್ತು, ತಾಯಿಯಿಂದ ಜೈನ ಸಂಸ್ಕಾರ ದೊರೆಯಿತು. ಬಾಲ್ಯದಲ್ಲೇ ಪ್ರತಿಕ್ರಮಣ ಸೂತ್ರಗಳನ್ನು ಓದಿ, ಸಕಲ ಜೀವಿಗಳ ಮೇಲಿನ ಕ್ಷಮಾಭಾವಕ್ಕೆ ಅವರು ಮನಸೋತರು.

ಹದಿಮೂರರ ವಯಸ್ಸಿನ ನಂತರ ತಂದೆಯ ಅಂಗಡಿಯಲ್ಲಿ ಕೂರತೊಡಗಿದರು. ಯಾರಿಗೂ ಬೆಲೆ ಹೆಚ್ಚು ಕಡಿಮೆ ಹೇಳಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ ಎಂದು ಮುಂದೆ ತಾವೇ ಬರೆದುಕೊಂಡಿದ್ದಾರೆ. 16ನೇ ವಯಸ್ಸಿನಲ್ಲಿ 108 ಪಾಠಗಳ 'ಮೋಕ್ಷಮಾಲಾ' ರಚಿಸಿದರು. 1887ರಲ್ಲಿ ಮುಂಬಯಿಯ ಫ್ರಾಮ್‌ಜಿ ಕಾವಸ್‌ಜಿ ಸಭಾಂಗಣದಲ್ಲಿ ನಡೆಸಿದ ಶತಾವಧಾನ ಅವರಿಗೆ ದೊಡ್ಡ ಕೀರ್ತಿ ತಂದಿತು. ಯುರೋಪಿನಲ್ಲಿ ಪ್ರದರ್ಶನ ನೀಡುವ ಸಲಹೆಯನ್ನು ಅವರು ಒಪ್ಪಲಿಲ್ಲ. ಇಂಥ ಕೀರ್ತಿ ಆತ್ಮೋನ್ನತಿಗೆ ಅಡ್ಡಿಯೆಂದು ಕಂಡು ಕೆಲಕಾಲದಲ್ಲೇ ಅವಧಾನವನ್ನೂ ಬಿಟ್ಟರು.

1888ರಲ್ಲಿ ಝಬಕಬಾಯಿಯವರೊಡನೆ ವಿವಾಹವಾಯಿತು. ಪತ್ನಿಯ ಬಂಧುಗಳಾದ ರೇವಾಶಂಕರ ಜಗಜೀವನರೊಡನೆ ಪಾಲುದಾರರಾಗಿ ಮುಂಬಯಿಯಲ್ಲಿ ಜವಾಹಿರ ವ್ಯಾಪಾರಕ್ಕಿಳಿದರು. ಆಗ ಮುಂಬಯಿ ಮುತ್ತಿನ ದೊಡ್ಡ ಮಾರುಕಟ್ಟೆ. ಕೊಲ್ಲಿಯ ಮುತ್ತುಗಳನ್ನು ಅರಬ್ಬೀ ವರ್ತಕರು ಅಲ್ಲಿಗೆ ತರುತ್ತಿದ್ದರು. ಹೊಳಪು, ಆಕಾರ, ಬಣ್ಣ ನೋಡಿ ಬೆಲೆ ಕಟ್ಟುವುದು ಕಣ್ಣಿನ ಪರೀಕ್ಷೆ, ಮಾತಿನ ನಂಬಿಕೆಯೇ ಬಂಡವಾಳ. ಆ ಪರೀಕ್ಷೆಯಲ್ಲಿ ರಾಜಚಂದ್ರರು ನಿಪುಣರಾದರು. ಪೇಢಿಯ ವಹಿವಾಟು ಲಕ್ಷಗಳಲ್ಲಿ ನಡೆಯುತ್ತಿತ್ತು.

ಅವರ ವ್ಯಾಪಾರ ನೀತಿಯ ಬಗ್ಗೆ ಜೈನ ಸಮಾಜದಲ್ಲಿ ಇಂದಿಗೂ ಒಂದು ಪ್ರಸಂಗ ಹೇಳಲಾಗುತ್ತದೆ. ಗೊತ್ತಾದ ಬೆಲೆಗೆ, ಗೊತ್ತಾದ ದಿನಕ್ಕೆ ವಜ್ರಗಳನ್ನು ಕೊಡುವುದಾಗಿ ಒಬ್ಬ ವರ್ತಕ ಕರಾರು ಬರೆದುಕೊಟ್ಟಿದ್ದ. ಅಷ್ಟರಲ್ಲಿ ಬೆಲೆ ಬಹಳ ಏರಿತು. ಮಾತು ಉಳಿಸಿಕೊಂಡರೆ ಅವನ ಮನೆಮಠ ಹೋಗುವ ಪರಿಸ್ಥಿತಿ. ಕಾನೂನು ರಾಜಚಂದ್ರರ ಪರವಾಗಿತ್ತು, ಲಾಭವೂ ಕೈಗೆ ಬಂದಂತಿತ್ತು. ಅವರು ತಾವೇ ಅವನ ಬಳಿಗೆ ಹೋಗಿ ಕರಾರು ಪತ್ರವನ್ನು ಹರಿದುಹಾಕಿದರು. ಅಹಿಂಸೆ ಅಡುಗೆಮನೆಯಲ್ಲಿ ಮಾತ್ರವಲ್ಲ, ಲೆಕ್ಕದ ಪುಸ್ತಕದಲ್ಲೂ ಇರಬೇಕೆಂಬುದು ಅವರ ನಿಲುವು.

1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿಯವರಿಗೆ ಡಾ. ಪ್ರಾಣಜೀವನ ಮೆಹತಾ ಅವರು ರಾಜಚಂದ್ರರನ್ನು ಪರಿಚಯಿಸಿದರು. ಪೇಢಿಯ ಗದ್ದುಗೆಯಲ್ಲಿ ಅವರ ಬಳಿ ಸದಾ ಒಂದು ಧರ್ಮಗ್ರಂಥ, ಒಂದು ದಿನಚರಿ ಇರುತ್ತಿದ್ದುದನ್ನು ಗಾಂಧೀಜಿ ಗಮನಿಸಿದರು. ಭಾರೀ ವ್ಯವಹಾರ ಮುಗಿದ ಕ್ಷಣವೇ ಅವರು ದಿನಚರಿ ತೆರೆದು ಆತ್ಮಚಿಂತನೆ ಬರೆಯುತ್ತಿದ್ದರು. 1894ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಧರ್ಮದ ಬಗ್ಗೆ ಸಂಶಯಗಳೆದ್ದಾಗ ಗಾಂಧೀಜಿ 27 ಪ್ರಶ್ನೆಗಳನ್ನು ಇವರಿಗೇ ಬರೆದು ಕಳುಹಿಸಿ ಸಮಾಧಾನ ಪಡೆದರು. ತಮ್ಮ ಆತ್ಮಕಥೆಯಲ್ಲಿ ಟಾಲ್‌ಸ್ಟಾಯ್ ಮತ್ತು ರಸ್ಕಿನ್ ಜೊತೆಗೆ ರಾಜಚಂದ್ರರನ್ನೂ ಸ್ಮರಿಸಿದ್ದಾರೆ.

ಆದರೂ ಈ ಎರಡು ಬದುಕುಗಳನ್ನು ಒಟ್ಟಿಗೆ ನಡೆಸುವುದು ಅವರಿಗೆ ಸುಲಭವಾಗಿರಲಿಲ್ಲ. ಗೃಹಸ್ಥಾಶ್ರಮ ಮತ್ತು ವ್ಯಾಪಾರದ ಹೊರೆ ಅವರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬಿಡುವು ಮಾಡಿಕೊಂಡು ಈಡರ್, ವಡವಾ ಮೊದಲಾದ ಸ್ಥಳಗಳಲ್ಲಿ ಏಕಾಂತ ಸಾಧನೆ ಮಾಡಿದರು. 1896ರಲ್ಲಿ ನಡಿಯಾದ್‌ನಲ್ಲಿ 142 ಪದ್ಯಗಳ 'ಆತ್ಮಸಿದ್ಧಿ ಶಾಸ್ತ್ರ'ವನ್ನು ಒಂದೇ ಬೈಠಕ್ಕಿನಲ್ಲಿ ರಚಿಸಿದರು. ಕೊನೆಗೆ ವ್ಯಾಪಾರದಿಂದ ನಿವೃತ್ತರಾದರೂ ಮುನಿದೀಕ್ಷೆಯ ಹಂಬಲ ಕೈಗೂಡಲಿಲ್ಲ, ದೇಹ ತೀರಾ ಕೃಶವಾಯಿತು. 1901ರ ಏಪ್ರಿಲ್ 9ರಂದು ರಾಜಕೋಟ್‌ನಲ್ಲಿ 33ನೇ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು.

ಪಾಲುದಾರ ರೇವಾಶಂಕರರ ಮುಂಬಯಿಯ ಮನೆಯೇ ಮಣಿಭವನ. 1917ರಿಂದ 1934ರವರೆಗೆ ಅದು ಗಾಂಧೀಜಿಯವರ ಕಾರ್ಯಕೇಂದ್ರವಾಗಿತ್ತು. ಕರ್ನಾಟಕದಲ್ಲಿ ಹಂಪಿಯ ರತ್ನಕೂಟದ ಮೇಲೆ ಸಹಜಾನಂದಘನ ಮಹಾರಾಜರು 1960ರ ದಶಕದಲ್ಲಿ ಸ್ಥಾಪಿಸಿದ ಶ್ರೀಮದ್ ರಾಜಚಂದ್ರ ಆಶ್ರಮ ಇಂದಿಗೂ ಸಾಧಕರ ನೆಲೆಯಾಗಿದೆ.